ಒಬ್ಬನ ತಲೆಹೊರೆ

ತಲೆಗೆ ಬಂದುದು ಮುಂಡಾಸಿಗೆ ಹೋಯಿತೆಂಬ ಗಾದೆ ನಮ್ಮಲ್ಲಿದೆ. ೨೦೨೪ನೆಯ ಇಸವಿ ಮಾರ್ಚಿ ೨೯ನೆಯ ತಾರೀಖಿನಂದು ಲೋಕದ ಗಣಕಯಂತ್ರಗಳ ಪಾಲಿಗೆ ಈ ಗಾದೆ ಅಕ್ಷರಶಃ ನಿಜವಾಯಿತು. ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶಕ್ಕಾಗಿ ದುಡಿಯುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಮಹನೀಯರು, ತಾವು ಪರೀಕ್ಷಿಸುತ್ತಿದ್ದ ಯಂತ್ರದೊಳಕ್ಕೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದನ್ನು ಕಂಡು ಸಂಶಯಪಟ್ಟರು. ಅರ್ಧ ಸೆಕೆಂಡಿಗೆ ಲಕ್ಷ್ಯಗೊಡುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ಅವರಾದರೋ ಬಿಡದೆ ಅದರ ಜಾಡು ಹಿಡಿದು ಹೋಗಿ, ಎಕ್ಸ್‌ಜೆಡ್ ಎಂಬ ಒಂದು ಸಣ್ಣ ಸಲಕರಣೆಯೊಳಗೆ ಯಾರೋ ಹಿತ್ತಿಲ ಬಾಗಿಲೊಂದನ್ನು ಗುಟ್ಟಾಗಿ ಕೊರೆದಿಟ್ಟಿರುವುದನ್ನು ಪತ್ತೆಮಾಡಿ, ಅಂದು ಲೋಕಕ್ಕೆ ಸಾರಿದರು. ಆ ಬಾಗಿಲಿನ ಬೀಗದ ಕೈ ಯಾರಲ್ಲಿತ್ತೋ ಅವರು ದೂರದಲ್ಲಿ ಕುಳಿತೇ ಪರರ ಯಂತ್ರಗಳಿಗೆ ತಮ್ಮ ಇಷ್ಟದಂತೆ ಆಜ್ಞೆ ಮಾಡಬಹುದಾಗಿದ್ದಿತು. ದೋಷಪೂರಿತವಾದ ಆವೃತ್ತಿಯು ಡೆಬಿಯನ್, ಫೆಡೋರಾ ಮುಂತಾದ ವಿತರಣೆಗಳ ಪ್ರಾಯೋಗಿಕ ಪ್ರತಿಗಳನ್ನು ಆಗಲೇ ಸೇರಿದ್ದಿತು. ಜನಸಾಮಾನ್ಯರ ಬಳಕೆಯ ಸ್ಥಿರ ಪ್ರತಿಗಳಿಗೆ ಇನ್ನೂ ಇಳಿದಿರಲಿಲ್ಲವೆಂಬುದೇ ಭಾಗ್ಯ.

ಇದು ಕಳ್ಳತನದ ಕಥೆಯೆಂದು ಹಲವರು ಬರೆದರು. ನಮ್ಮ ದೃಷ್ಟಿಯಲ್ಲಿ ಇದು ಮೊದಲಾಗಿ ಒಬ್ಬನೇ ಹೊತ್ತ ಹೊರೆಯ ಕಥೆ. ಆ ಕಾರಣದಿಂದಲೇ ಇದನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಮುಕ್ತ ತಂತ್ರಾಂಶವೆಂದರೇನೆಂಬುದನ್ನು ಎರಡು ಮಾತುಗಳಲ್ಲಿ ಹೇಳಿಬಿಡುವುದು ಉಚಿತ. ಯಂತ್ರಕ್ಕೆ ಬುದ್ಧಿಹೇಳುವ ಬರವಣಿಗೆಯನ್ನು ಅದನ್ನು ಬರೆದವರು ಗುಟ್ಟಾಗಿಡದೆ, ಯಾರಾದರೂ ಓದಲಿ, ಬಳಸಲಿ, ತಿದ್ದಲಿ, ಹಂಚಲಿ ಎಂದು ಬಹಿರಂಗವಾಗಿ ಬಿಟ್ಟುಕೊಡುವುದೇ ಇದರ ತಾತ್ಪರ್ಯ. ಹೀಗೆ ಬಿಟ್ಟುಕೊಟ್ಟ ಬರವಣಿಗೆಯ ಮೇಲೆಯೇ ಇಂದು ಲೋಕವ್ಯವಹಾರದ ದೊಡ್ಡ ಭಾಗವು ನಿಂತಿದೆ. ಕೈಯಲ್ಲಿ ಹಿಡಿದ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿ ಸರಿಯಾಗಿ ಕೂಡುವುದು ಸಹ ಹಾರ್ಫ್‌ಬಝ್ ಎಂಬ ಇಂತಹದೇ ಒಂದು ಮುಕ್ತ ತಂತ್ರಾಂಶದ ಉಪಕಾರದಿಂದ. ಇಂತಹ ಸಲಕರಣೆಗಳಲ್ಲಿ ಕೆಲವನ್ನು ದೊಡ್ಡ ಕಂಪೆನಿಗಳು ಸಂಬಳಕೊಟ್ಟು ಮಾಡಿಸುತ್ತವೆ, ನಿಜ. ಆದರೆ ಎಷ್ಟೋ ಸಲಕರಣೆಗಳನ್ನು ಒಬ್ಬಿಬ್ಬರು ತಮ್ಮ ಹೊಟ್ಟೆಪಾಡಿನ ಕೆಲಸ ಮುಗಿದ ಮೇಲೆ, ರಾತ್ರಿಯ ನಿದ್ರೆಯಲ್ಲಿ ಒಂದು ಪಾಲನ್ನು ಕಳೆದು, ಕಾಸಿನ ಪ್ರತಿಫಲವಿಲ್ಲದೆ ನೋಡಿಕೊಳ್ಳುತ್ತಾರೆ.

ಬರೆಯುವುದು ಒಂದು ಕೆಲಸ. ಬರೆದುದನ್ನು ಕಾಪಾಡಿಕೊಂಡು ಬರುವುದು ಮತ್ತೊಂದು. ಮೊದಲನೆಯದಕ್ಕೆ ಮುಕ್ತಾಯವಿದೆ, ಎರಡನೆಯದಕ್ಕಿಲ್ಲ. ಬಳಸುವವರ ದೂರುಗಳನ್ನು ಓದಿ ಉತ್ತರ ಬರೆಯಬೇಕು. ಅಪರಿಚಿತರು ಕಳುಹಿಸುವ ತಿದ್ದುಪಡಿಗಳನ್ನು ಸಾಲುಸಾಲಾಗಿ ಪರೀಕ್ಷಿಸಬೇಕು. ಹೊಸ ಯಂತ್ರ ಬಂದಾಗ ಅದಕ್ಕೆ ಹೊಂದಿಸಬೇಕು. ಕಳ್ಳಕಾಕರ ಹೊಸ ಉಪಾಯಗಳಿಗೆ ಹೊಸ ಕಾವಲು ಕಟ್ಟಬೇಕು. ಇಷ್ಟನ್ನೂ ಮಾಡಿದವನಿಗೆ ದೊರೆಯುವ ಮನ್ನಣೆಯಾದರೂ ಏನು? ಸಲಕರಣೆಯು ಸರಿಯಾಗಿ ನಡೆಯುವವರೆಗೆ ಅವನ ಹೆಸರು ಯಾರಿಗೂ ಬೇಡ. ಕೆಟ್ಟ ದಿನ ಮಾತ್ರ ಎಲ್ಲರೂ ಅವನ ಮನೆಯ ಬಾಗಿಲು ಬಡಿಯುವರು.

ಎಕ್ಸ್‌ಜೆಡ್ ಸಲಕರಣೆಯ ಕೆಲಸವು ದೊಡ್ಡ ಕಡತಗಳನ್ನು ಸಣ್ಣ ಗಂಟಾಗಿ ಕಟ್ಟಿ, ಬೇಕಾದಾಗ ಬಿಚ್ಚಿಕೊಡುವುದು. ಫಿನ್ಲೆಂಡ್ ದೇಶದ ಲಾಸ್ಸೆ ಕಾಲಿನ್ ಎಂಬವರು ಇದನ್ನು ಬಹುವರ್ಷಗಳಿಂದ ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು. ೨೦೨೧ರಲ್ಲಿ ಜಿಯಾ ಟಾನ್ ಎಂಬ ಹೆಸರಿನವನೊಬ್ಬನು ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸಲಾರಂಭಿಸಿದನು. ೨೦೨೨ರಲ್ಲಿ, ಎಂದೂ ಕಂಡರಿಯದ ಹೆಸರುಗಳಿಂದ ಕಾಲಿನ್ನರಿಗೆ ಬಹಿರಂಗ ಪತ್ರಗಳು ಬರತೊಡಗಿದವು: ಕೆಲಸ ತೀರ ನಿಧಾನವಾಗಿದೆ, ನಿಮಗೆ ಆಸಕ್ತಿ ಹೋಗಿದೆ, ಬೇರೊಬ್ಬ ನಿರ್ವಾಹಕನನ್ನು ನೇಮಿಸಿರಿ ಎಂಬಿವೇ ಆ ಪತ್ರಗಳ ಸಾರಾಂಶ. ತಮಗೆ ಆಸಕ್ತಿ ಹೋಗಿಲ್ಲವೆಂದೂ, ದೀರ್ಘಕಾಲದ ಅಸ್ವಾಸ್ಥ್ಯದಿಂದ ಹಿಂದಿನಷ್ಟು ದುಡಿಯಲಾಗುತ್ತಿಲ್ಲವೆಂದೂ, ಇದು ತಾವು ವೇತನವಿಲ್ಲದೆ ಹವ್ಯಾಸಕ್ಕಾಗಿ ಮಾಡುವ ಕೆಲಸವೆಂಬುದನ್ನು ನೆನಪಿಡಬೇಕೆಂದೂ ಅವರು ಸೌಮ್ಯವಾಗಿ ಉತ್ತರಕೊಟ್ಟರು. ಆ ಉತ್ತರವನ್ನು ಓದಿ, ‘ಅಯ್ಯಾ, ನಾನೂ ಒಂದು ಕೈ ಹಿಡಿಯುತ್ತೇನೆ’ ಎಂದು ಮುಂದೆ ಬಂದ ಸಂಸ್ಥೆಯೊಂದೂ ಇರಲಿಲ್ಲ. ಕೈಹಿಡಿಯಲು ಸಿದ್ಧನಾಗಿ ನಿಂತಿದ್ದವನು ಜಿಯಾ ಟಾನ್ ಒಬ್ಬನೆ. ೨೦೨೩ರ ಹೊತ್ತಿಗೆ ಹೊಸ ಆವೃತ್ತಿಗಳನ್ನು ಹೊರಡಿಸುವ ಅಧಿಕಾರವೂ ಅವನ ಕೈಗೆ ಬಂದಿತು. ೨೦೨೪ರ ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಅವನು ಹೊರಡಿಸಿದ ಎರಡು ಆವೃತ್ತಿಗಳಲ್ಲಿ, ಪರೀಕ್ಷೆಯ ಕಡತಗಳೆಂಬ ಸೋಗಿನೊಳಗೆ ಆ ಹಿತ್ತಿಲ ಬಾಗಿಲು ಅಡಗಿದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆ ಹೆಸರೂ, ಒತ್ತಾಯದ ಪತ್ರಗಳನ್ನು ಬರೆದ ಹೆಸರುಗಳೂ ಕಪಟದ ಹೆಸರುಗಳೆಂಬುದೇ ಬಲ್ಲವರ ಅಭಿಪ್ರಾಯ.

ಈ ಪ್ರಸಂಗವನ್ನು ಕೇಳಿದವರು ಕೂಡಲೆ ಒಂದು ಆಕ್ಷೇಪವನ್ನು ತೆಗೆಯುವರು. ‘ನೋಡಿರಿ, ಹೊರೆಯನ್ನು ಹಂಚಿದುದರಿಂದಲೇ ಈ ಅನರ್ಥವಾಯಿತು. ಕಾಲಿನ್ನರು ಬೀಗದ ಕೈಯನ್ನು ತಮ್ಮ ಸೊಂಟದಲ್ಲಿಯೇ ಇಟ್ಟುಕೊಂಡಿದ್ದರೆ ಕಳ್ಳನು ಒಳಗೆ ಬರುತ್ತಿದ್ದನೆ?’ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಇದಕ್ಕೆ ಪುಷ್ಟಿಕೊಡುವ ಮತ್ತೊಂದು ದೃಷ್ಟಾಂತವೂ ಉಂಟು. ಈವೆಂಟ್-ಸ್ಟ್ರೀಮ್ ಎಂಬ ಸಲಕರಣೆಯನ್ನು ಬರೆದವರು, ತಮಗೆ ಅದರ ಉಪಯೋಗ ತೀರಿದ ಮೇಲೆ, ನಾನು ನೋಡಿಕೊಳ್ಳುತ್ತೇನೆಂದು ಪತ್ರ ಬರೆದ ಅಪರಿಚಿತನಿಗೆ ಅದನ್ನು ವಹಿಸಿಕೊಟ್ಟರು. ಅವನು ಅದರಲ್ಲಿ ಜನರ ಬಿಟ್‌ಕಾಯಿನ್ ಹಣವನ್ನು ಕದಿಯುವ ಯುಕ್ತಿಯನ್ನು ಸೇರಿಸಿದ್ದನೆಂಬುದು ೨೦೧೮ರ ನವಂಬರಿನಲ್ಲಿ ಬಯಲಾಯಿತು.

ಆದರೆ ಈ ಎರಡು ಪ್ರಸಂಗಗಳನ್ನೂ ಸಾವಧಾನವಾಗಿ ನೋಡಿದರೆ ಅಲ್ಲಿ ನಡೆದುದು ಹಂಚಿಕೆಯೇ ಅಲ್ಲವೆಂಬುದು ಗೊತ್ತಾಗುವುದು. ಬಳಲಿದ ಒಬ್ಬನ ತಲೆಯಿಂದ ಹೊರೆಯು ಅಪರಿಚಿತನಾದ ಇನ್ನೊಬ್ಬನ ತಲೆಗೆ ಹೋಯಿತು, ಅಷ್ಟೆ. ಮೊದಲು ಒಬ್ಬನೇ ಇದ್ದನು. ಆಮೇಲೆ ನಿಜವಾಗಿ ಕೆಲಸಮಾಡುವವನು ಒಬ್ಬನೇ ಆದನು. ಅವನು ಮಾಡಿದುದನ್ನು ನೋಡುವ ಮೂರನೆಯ ಕಣ್ಣು ಅಲ್ಲಿರಲಿಲ್ಲ. ನಾಲ್ವರು ವಿಶ್ವಾಸಿಗರು ಮೊದಲಿನಿಂದಲೂ ಜೊತೆಗಿದ್ದಿದ್ದರೆ ಒತ್ತಾಯದ ಪತ್ರಗಳಿಗೆ ಅರ್ಥವೇ ಇರುತ್ತಿರಲಿಲ್ಲ. ನೀರಿನಲ್ಲಿ ಮುಳುಗುತ್ತಿರುವವನು ಚಾಚಿದ ಕೈ ಯಾರದೆಂದು ವಿಚಾರಿಸಲಾರನು. ಹೊರೆಯನ್ನು ದಣಿದ ಮೇಲೆ ಹಂಚಿದರೆ ಆರಿಸಿಕೊಳ್ಳುವ ಸ್ವಾತಂತ್ರ್ಯವಿರುವುದಿಲ್ಲ, ಶಕ್ತಿಯಿರುವಾಗಲೇ ಹಂಚಬೇಕು. ಈ ಲೇಖನದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇದೇ.

ಹಂಚದೆ ಇಟ್ಟುಕೊಂಡರೆ ಕ್ಷೇಮವೆನ್ನುವವರು ೨೦೧೪ನೆಯ ಇಸವಿಯ ಏಪ್ರಿಲ್ ತಿಂಗಳನ್ನು ನೆನೆಯಬೇಕು. ಬ್ಯಾಂಕು, ಅಂಗಡಿ, ಕಚೇರಿಗಳೊಡನೆ ನಾವು ಅಂತರ್ಜಾಲದಲ್ಲಿ ನಡೆಯಿಸುವ ವ್ಯವಹಾರವನ್ನು ಪರರು ಓದದಂತೆ ಗೂಢಲಿಪಿಯಲ್ಲಿ ಮುಚ್ಚಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಆಗ ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನ ಭಯಂಕರ ದೋಷವು ಪತ್ತೆಯಾಯಿತು. ಅದು ೨೦೧೨ರ ಮಾರ್ಚಿಯಿಂದ ಎರಡು ವರ್ಷಗಳ ಕಾಲ ಎಲ್ಲರ ಕಣ್ಣೆದುರಿಗೇ ಇದ್ದಿತು. ಅಲ್ಲಿ ಕಪಟಿಯಾರೂ ಇರಲಿಲ್ಲ. ಸಜ್ಜನರಿಂದ ಆದ ಕೈತಪ್ಪು ಅದು. ಲೋಕದ ಸಂಪತ್ತಿಗೆಲ್ಲ ಬೀಗವಾಗಿದ್ದ ಆ ಯೋಜನೆಗೆ ಆಗ ವರ್ಷಕ್ಕೆ ಬರುತ್ತಿದ್ದ ದಾನದ ಹಣ ಸುಮಾರು ೨೦೦೦ ಡಾಲರು. ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರು. ಮೂಲಪಾಠವು ಬಹಿರಂಗವಾಗಿರುವುದರಿಂದ ಸಾವಿರಾರು ಕಣ್ಣುಗಳು ಅದನ್ನು ಕಾಯುತ್ತವೆಂದು ಹೇಳುವುದುಂಟು. ಯಾರು ಬೇಕಾದರೂ ನೋಡಬಹುದೆಂಬುದಕ್ಕೂ, ಯಾರಾದರೂ ನೋಡುತ್ತಿದ್ದಾರೆಂಬುದಕ್ಕೂ ಇರುವ ಅಂತರವು ಆ ದಿನ ಎಲ್ಲರಿಗೂ ತಿಳಿಯಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ, ಅನಂತರ ದೊಡ್ಡ ದೊಡ್ಡ ಕಂಪೆನಿಗಳು ಲಿನಕ್ಸ್ ಫೌಂಡೇಶನ್ ಮುಖಾಂತರ ಧನಸಹಾಯಕ್ಕೆ ಮುಂದಾದವು. ಕೆಲಸಗಾರರ ಸಂಖ್ಯೆಯೂ ಹೆಚ್ಚಿತು.

ಈ ವಿಷಯದಲ್ಲಿ ಪರರಿಗೆ ಬುದ್ಧಿಹೇಳುವ ಮುನ್ನ ನಮ್ಮ ಮನೆಯ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಾವು ಈ ವೃತ್ತಿಗೆ ಕಾಲಿಟ್ಟ ಹೊಸದರಲ್ಲಿ ನಮ್ಮ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಅಚ್ಚುಹಾಕುವ ಪದ್ಧತಿಯೇ ಇದ್ದಿತು. ಯಂತ್ರವನ್ನು ನೋಡಿಕೊಳ್ಳಲು ವೃದ್ಧರೊಬ್ಬರಿದ್ದರು. ಅದರ ಕೆಮ್ಮು ಸೀನುಗಳ ಅರ್ಥವೆಲ್ಲ ಅವರೊಬ್ಬರಿಗೇ ಗೊತ್ತು. ನಾವೂ ಅವರ ನಿಷ್ಠೆಯನ್ನು ಹತ್ತು ಮಂದಿಯೆದುರಿಗೆ ಕೊಂಡಾಡುತ್ತ ನಿಶ್ಚಿಂತರಾಗಿದ್ದೆವು. ಒಂದು ಮಳೆಗಾಲದಲ್ಲಿ ಅವರಿಗೆ ವಿಷಮಜ್ವರ ಬಂದಿತು; ಪತ್ರಿಕೆ ಮೂರು ದಿನ ಹೊರಡಲಿಲ್ಲ. ನಾಲ್ಕನೆಯ ದಿನ ಆ ಮುದುಕರು ಕಂಬಳಿ ಹೊದ್ದು, ನಡುಗುತ್ತ ನಡುಗುತ್ತ ಬಂದು ಯಂತ್ರದ ಮುಂದೆ ಕುಳಿತುದನ್ನು ಕಂಡಾಗ ನಮಗಾದ ನಾಚಿಕೆ ಇಂದಿಗೂ ಮರೆತಿಲ್ಲ. ನಾವು ನಿಷ್ಠೆಯೆಂದು ಹೊಗಳಿದುದು ನಮ್ಮ ಸೋಮಾರಿತನವನ್ನಲ್ಲದೆ ಬೇರೇನನ್ನೂ ಅಲ್ಲ. ಆ ಮೇಲೆ ಇಬ್ಬರು ಹುಡುಗರನ್ನು ದಿನವೂ ಸಂಜೆ ಒಂದು ಗಂಟೆ ಅವರ ಬಳಿಯಲ್ಲಿ ಕೂಡಿಸಿದೆವು. ಮೊದಮೊದಲು ಅವರಿಗೆ ಅದು ಸರಿಬೀಳಲಿಲ್ಲ. ತಮ್ಮ ಅನ್ನಕ್ಕೆ ಕಲ್ಲುಬಿತ್ತೆಂದು ಭಾವಿಸಿದರು. ಹುಡುಗರು ಕಲಿತ ಮೇಲೆ ಅವರ ಗೌರವವು ಕುಂದಲಿಲ್ಲ. ಅವರು ವರ್ಷಕ್ಕೊಮ್ಮೆ ಮಗಳ ಊರಿಗೆ ನಿಶ್ಚಿಂತೆಯಿಂದ ಹೋಗಿಬರುವಂತಾಯಿತು.

ತಂತ್ರಾಂಶದ ಸ್ವಯಂಸೇವಕರಲ್ಲಿಯೂ ಈ ವಿವೇಕವನ್ನು ಪದ್ಧತಿಯಾಗಿ ಮಾಡಿಕೊಂಡವರಿದ್ದಾರೆ. ೧೯೯೩ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯವರು ಇದಕ್ಕಾಗಿ ಒಂದು ಬಹಿರಂಗ ಪಟ್ಟಿಯನ್ನೇ ಇಟ್ಟಿದ್ದಾರೆ. ಯಾವುದಾದರೊಂದು ಸಲಕರಣೆಯನ್ನು ನೋಡಿಕೊಳ್ಳುವವನಿಗೆ ಹೊರೆ ಹೆಚ್ಚಾದರೆ ಅವನು ಅದರಲ್ಲಿ ‘ಸಹಾಯ ಬೇಕು’ ಎಂದು ಬರೆಯಬಹುದು. ಬಿಟ್ಟುಕೊಡಬೇಕೆಂದಿದ್ದರೆ ‘ದತ್ತು ತೆಗೆದುಕೊಳ್ಳುವವರು ಬೇಕು’ ಎಂದು ಬರೆಯಬಹುದು. ಬಿಟ್ಟೇ ಬಿಟ್ಟಿದ್ದರೆ ಅದು ‘ಅನಾಥ’ವೆಂದು ದಾಖಲಾಗುತ್ತದೆ, ಯಾರಾದರೂ ವಹಿಸಿಕೊಳ್ಳುವವರೆಗೆ ಗುಣಪರೀಕ್ಷಕರ ಗುಂಪೊಂದು ಅದನ್ನು ಪೋಷಿಸುತ್ತದೆ. ಸಹಾಯ ಬೇಕೆಂದು ಹೇಳುವುದು ಅಲ್ಲಿ ಅವಮಾನವಲ್ಲ; ಅದೊಂದು ನಿತ್ಯದ ದಸ್ತು. ಹೊಸದಾಗಿ ಬಂದವನ ಕೆಲಸವನ್ನು ಹಳಬನೊಬ್ಬನು ಪರೀಕ್ಷಿಸಿ ತನ್ನ ಹೊಣೆಯ ಮೇಲೆ ಒಳಗೆ ಬಿಡುತ್ತಾನೆ. ಹೀಗೆ ಕಾಲಾನುಕ್ರಮದಲ್ಲಿ ವಿಶ್ವಾಸವು ಬೆಳೆದ ಮೇಲೆಯೇ ಸ್ವತಂತ್ರ ಅಧಿಕಾರ. ಯೋಜನೆಯ ನಾಯಕನು ಸಹ ವರ್ಷಕ್ಕೊಮ್ಮೆ ಚುನಾವಣೆಯಿಂದ ಬರತಕ್ಕವನು.

ಪೈಥಾನ್ ಎಂಬ ಗಣಕಭಾಷೆಯ ದೃಷ್ಟಾಂತವು ಇನ್ನೂ ಬೋಧಪ್ರದವಾಗಿದೆ. ಅದನ್ನು ಸೃಷ್ಟಿಸಿದ ಗೀಡೋ ವಾನ್ ರಾಸಮ್ ಎಂಬ ಡಚ್ ಪಂಡಿತರಿಗೆ ಅವರ ಬಳಗದವರು ‘ಆಜೀವ ಹಿತೈಷಿ ಸರ್ವಾಧಿಕಾರಿ’ ಎಂಬ ವಿನೋದದ ಬಿರುದನ್ನು ಕೊಟ್ಟಿದ್ದರು. ೧೯೮೯ರ ಕೊನೆಯಿಂದ ಅವರು ಕಟ್ಟಿಕೊಂಡು ಬಂದ ಆ ಭಾಷೆಯ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ೨೦೧೮ರ ಜುಲೈ ತಿಂಗಳಲ್ಲಿ ಕಹಿಯಾದ ಒಂದು ವಾದವಿವಾದದ ಬಳಿಕ, ದಣಿದುಹೋದ ಅವರು ಆ ಪದವಿಯಿಂದ ಇಳಿದರು. ಉತ್ತರಾಧಿಕಾರಿಯನ್ನು ಮಾತ್ರ ಅವರು ನೇಮಿಸಲಿಲ್ಲ. ನಿಮ್ಮ ವ್ಯವಸ್ಥೆಯನ್ನು ನೀವೇ ಮಾಡಿಕೊಳ್ಳಿರೆಂದು ಬಳಗದವರಿಗೇ ಬಿಟ್ಟರು. ಅವರು ತಿಂಗಳುಗಟ್ಟಲೆ ಚರ್ಚಿಸಿ, ಮತ ಹಾಕಿ, ಐವರ ಸಮಿತಿಯೊಂದನ್ನು ಏರ್ಪಡಿಸಿ, ೨೦೧೯ರ ಆರಂಭದಲ್ಲಿ ಅದನ್ನು ಚುನಾಯಿಸಿದರು. ಒಂದೇ ಧಣಿಯ ಕೈಕೆಳಗಿನ ನೌಕರರು ಇಬ್ಬರಿಗಿಂತ ಹೆಚ್ಚಾಗಿ ಆ ಸಮಿತಿಯಲ್ಲಿರಕೂಡದೆಂಬ ನಿಯಮವನ್ನೂ ಇಟ್ಟರು. ಮೊದಲನೆಯ ಸಮಿತಿಯಲ್ಲಿ ಗೀಡೋ ಅವರೂ ಆರಿಸಿ ಬಂದರು. ಸರ್ವಾಧಿಕಾರಿಯಾಗಿ ಅಲ್ಲ, ಐವರಲ್ಲಿ ಒಬ್ಬರಾಗಿ. ಭಾಷೆಗೆ ಕುಂದುಬರಲಿಲ್ಲ, ಅದು ಇಂದಿಗೂ ನಿಯಮಿತವಾಗಿ ಹೊಸ ಆವೃತ್ತಿಗಳನ್ನು ಕಾಣುತ್ತಿದೆ.

ಇದೆಲ್ಲ ಸಮುದ್ರದಾಚೆಯ ಮಾತು, ನಮಗೇನು ಸಂಬಂಧವೆಂದು ಕೇಳುವವರು ಇರಬಹುದು. ಬೆಂಗಳೂರಿನ ತಂತ್ರಾಂಶದ ಉದ್ಯಮವೆಲ್ಲ ಈ ಮುಕ್ತ ಸಲಕರಣೆಗಳನ್ನು ಅಡಿಗಲ್ಲಾಗಿ ಬಳಸುತ್ತಿರುವುದು ಗುಟ್ಟಲ್ಲ. ಸರ್ಕಾರದ ತಂತ್ರಾಂಶಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡಬೇಕೆಂದು ಭಾರತ ಸರ್ಕಾರದವರು ೨೦೧೫ರಲ್ಲಿಯೇ ನೀತಿಯನ್ನು ಘೋಷಿಸಿದ್ದಾರೆ. ನೀತಿಯು ಸ್ತುತ್ಯವಾದುದು. ಆದರೆ ಬಳಸುವುದಕ್ಕೆ ಆಜ್ಞೆಯಿದ್ದರೆ ಸಾಲದು. ಬಳಸಿದುದನ್ನು ಉಳಿಸುವ ಹೊಣೆಯಲ್ಲಿ ನಮ್ಮ ಪಾಲೆಷ್ಟೆಂಬುದೂ ನಿರ್ಧಾರವಾಗಬೇಕು.

ಈ ತತ್ತ್ವವು ಕನ್ನಡ ನಾಡಿಗೆ ಹೊಸದಲ್ಲ. ಕೆರೆ ಕಟ್ಟಿಸುವುದು ಪುಣ್ಯಕಾರ್ಯವೆಂದು ನಮ್ಮ ಹಿರಿಯರು ತಿಳಿದಿದ್ದರು. ಕಟ್ಟಿಸಿ ಕೈತೊಳೆದುಕೊಂಡರೆ ಕೆರೆಯಲ್ಲಿ ಹೂಳು ತುಂಬುವುದೆಂಬುದನ್ನೂ ತಿಳಿದಿದ್ದರು. ಆದುದರಿಂದಲೇ ಕೆರೆಯ ರಕ್ಷಣೆಗಾಗಿ ‘ಬಿತ್ತುವಟ್ಟ’ವೆಂದು ಭೂಮಿಯನ್ನೋ ಉತ್ಪನ್ನದ ಪಾಲನ್ನೋ ತೆಗೆದಿಟ್ಟು, ಆ ಸಂಗತಿಯನ್ನು ಕಲ್ಲಿನಲ್ಲಿ ಕೊರೆಯಿಸಿದರು. ಕೆರೆಯ ನೀರಿನಿಂದ ಬೆಳೆದುದರಲ್ಲಿ ಒಂದು ಪಾಲು ಕೆರೆಗೇ ಹಿಂದಿರುಗಬೇಕೆಂಬ ನ್ಯಾಯವಿದು. ಈ ನ್ಯಾಯವು ತಂತ್ರಾಂಶಕ್ಕೂ ಸಲ್ಲತಕ್ಕುದು. ಜರ್ಮನಿಯ ಸರ್ಕಾರದವರು ೨೦೨೨ರಲ್ಲಿ ಮುಕ್ತ ತಂತ್ರಾಂಶಗಳ ಪೋಷಣೆಗಾಗಿಯೇ ಒಂದು ನಿಧಿಯನ್ನು ಸ್ಥಾಪಿಸಿದರು. ನಮ್ಮ ಬೆಂಗಳೂರಿನ ಜೆರೋಧಾ ಸಂಸ್ಥೆಯವರು ೨೦೨೪ರ ಅಕ್ಟೋಬರಿನಲ್ಲಿ ಇದೇ ಉದ್ದೇಶಕ್ಕೆ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳ ನಿಧಿಯನ್ನು ಪ್ರಕಟಿಸಿದರು. ಈ ಮೇಲ್ಪಂಕ್ತಿಯನ್ನು ಉಳಿದವರೂ ಅನುಸರಿಸಲಿ.

ಆದರೆ ಹಣವೊಂದರಿಂದಲೇ ಹೊರೆ ಇಳಿಯದು. ದಣಿದವನ ಕೈಗೆ ಹಣ ಕೊಟ್ಟರೆ ಅವನು ಸಿರಿವಂತನಾದ ದಣಿದವನಾಗುವನೇ ಹೊರತು ಇಬ್ಬರಾಗಲಾರನು. ಬೇಕಾಗಿರುವುದು ಕೈಗಳು, ಅವುಗಳನ್ನು ಪಳಗಿಸುವ ಕ್ರಮ. ಆದಕಾರಣ ಮೂರು ಪಂಗಡದವರಲ್ಲಿ ಮೂರು ಮಾತುಗಳನ್ನು ಬಿನ್ನವಿಸುತ್ತೇವೆ.

ಮೊದಲನೆಯದು ಹೊರೆ ಹೊತ್ತಿರುವ ನಿರ್ವಾಹಕರಿಗೆ. ನೀವು ಗಟ್ಟಿಯಾಗಿರುವಾಗಲೇ ಜೊತೆಗಾರರನ್ನು ಬೆಳೆಸಿರಿ. ಮೊದಲು ದೂರುಗಳನ್ನು ವಿಂಗಡಿಸುವ ಕೆಲಸ, ಬಳಿಕ ಬಳಕೆಯ ವಿವರಣೆ ಬರೆಯುವ ಕೆಲಸ, ಅನಂತರ ತಿದ್ದುಪಡಿಗಳ ಪರೀಕ್ಷೆ, ಎಲ್ಲಕ್ಕೂ ಕೊನೆಯಲ್ಲಿ ಆವೃತ್ತಿಯನ್ನು ಹೊರಡಿಸುವ ಅಧಿಕಾರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಪ್ಪಿಸಿರಿ. ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡದೆ ಹೊರಡಿಸಬಾರದೆಂಬ ನಿಯಮವು ನಿಮಗೂ ಅನ್ವಯಿಸಲಿ. ನಿಮಗೆ ಮಾತ್ರ ಗೊತ್ತಿರುವುದನ್ನು ಬರೆದಿಡಿರಿ. ಆಗದೆಂದು ಹೇಳುವುದಕ್ಕೂ, ಕೆಲಕಾಲ ವಿಶ್ರಾಂತಿ ಪಡೆಯುವುದಕ್ಕೂ ನಾಚದಿರಿ. ನನ್ನಷ್ಟು ಚೆನ್ನಾಗಿ ಇನ್ನೊಬ್ಬನು ಮಾಡಲಾರನೆಂಬ ಅಭಿಮಾನವು ಬಹುಜನಕ್ಕೆ ಸಹಜವಾದುದು. ಆದರೆ ಯಾರೂ ಕಲಿಸದೆ ಆ ಇನ್ನೊಬ್ಬನು ಕಲಿಯುವುದಾದರೂ ಹೇಗೆ?

ಎರಡನೆಯದು ಬಳಸುವವರಿಗೆ. ಧರ್ಮಕ್ಕೆ ದೊರೆತುದನ್ನು ಸಾಲಕೊಟ್ಟವರಂತೆ ಕೇಳಬೇಡಿರಿ. ಎಕ್ಸ್‌ಜೆಡ್ ಪ್ರಸಂಗದಲ್ಲಿ ಕಪಟಿಗಳ ಪತ್ರಗಳು ಯಾರಿಗೂ ಕಪಟವೆಂದು ತೋರಲಿಲ್ಲ. ಏಕೆಂದರೆ ಅಂತಹ ಒರಟು ಪತ್ರಗಳನ್ನು ಪ್ರಾಮಾಣಿಕರೂ ನಿತ್ಯ ಬರೆಯುತ್ತಿದ್ದರು. ನಮ್ಮ ಅಸಹನೆಯೇ ಕಳ್ಳನಿಗೆ ಮರೆಯಾಯಿತು. ದೋಷ ಕಂಡರೆ ವಿನಯದಿಂದ, ವಿವರವಾಗಿ ತಿಳಿಸಿರಿ; ಶಕ್ತಿಯಿದ್ದರೆ ತಿದ್ದಿಯೂ ಕಳುಹಿಸಿರಿ.

ಮೂರನೆಯದು ಅಧಿಕಾರಿಗಳಿಗೂ ಉದ್ಯಮದ ಯಜಮಾನರಿಗೂ. ನಿಮ್ಮ ಕಚೇರಿಯು ಯಾವ ಯಾವ ಮುಕ್ತ ಸಲಕರಣೆಗಳನ್ನು ಅವಲಂಬಿಸಿದೆಯೆಂಬುದರ ಪಟ್ಟಿಯನ್ನು ಮಾಡಿಸಿರಿ. ಅವುಗಳ ಪೈಕಿ ಎಷ್ಟನ್ನು ಒಬ್ಬೊಬ್ಬರೇ ಹೊತ್ತಿದ್ದಾರೆಂಬುದನ್ನು ವಿಚಾರಿಸಿರಿ. ನಿಮ್ಮಲ್ಲಿರುವ ಸಮರ್ಥ ತರುಣರಿಗೆ ವಾರದಲ್ಲಿ ಅರ್ಧ ದಿನವನ್ನಾದರೂ ಈ ಕೆಲಸಕ್ಕಾಗಿ, ಸಂಬಳ ಸಹಿತವಾಗಿ, ಬಿಟ್ಟುಕೊಡಿರಿ. ಅವರ ಹೆಸರು, ಅವರ ಕಚೇರಿ, ಅವರ ಕೆಲಸ ಎಲ್ಲವೂ ಬಹಿರಂಗವಾಗಿರುತ್ತದೆ. ಗೊತ್ತಿರುವ ಹತ್ತು ಮಂದಿ ಬಾಗಿಲಲ್ಲಿ ನಿಂತಿದ್ದರೆ ಗೊತ್ತಿಲ್ಲದವನು ನುಸುಳುವುದು ಕಷ್ಟ. ಇದನ್ನು ಔದಾರ್ಯವೆಂದು ಭಾವಿಸಬೇಕಾಗಿಲ್ಲ; ಸ್ವಂತ ಮನೆಯ ಬೀಗವನ್ನು ಪರೀಕ್ಷಿಸುವುದು ಔದಾರ್ಯವೆ?

ಲಾಸ್ಸೆ ಕಾಲಿನ್ನರು ಅನರ್ಥವು ಬಯಲಾದ ಮೇಲೆ ಓಡಿಹೋಗಲಿಲ್ಲ. ಮತ್ತೆ ಬಂದು, ಕಸವನ್ನೆಲ್ಲ ಗುಡಿಸಿ, ೨೦೨೪ರ ಮೇ ತಿಂಗಳಲ್ಲಿ ಶುದ್ಧವಾದ ಆವೃತ್ತಿಯನ್ನು ಹೊರಡಿಸಿದರು. ಅವರ ಕರ್ತವ್ಯಬುದ್ಧಿಗೆ ನಾವು ತಲೆಬಾಗುತ್ತೇವೆ. ಆದರೆ ತಲೆಬಾಗಿ ಸುಮ್ಮನಾದರೆ, ಜ್ವರದಲ್ಲಿ ನಡುಗುತ್ತ ಬಂದ ಆ ಮುದುಕರನ್ನು ಹೊಗಳಿ ಸುಮ್ಮನಾದಂತೆಯೇ ಸರಿ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯೆಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಆ ಹೊರೆಯನ್ನು ಬಿಚ್ಚಿದರೆ ನಮ್ಮ ನಮ್ಮ ಪಾಲಿಗೆ ಬರುವುದು ಒಂದೊಂದು ಕಡ್ಡಿ ಮಾತ್ರ. ಅದನ್ನು ಎತ್ತಿಕೊಳ್ಳಲು ಮತ್ತೊಂದು ಮಾರ್ಚಿ ೨೯ ಬರಲೆಂದು ಕಾಯಬೇಕಾಗಿಲ್ಲ.